ತಾರಸಿಯ ಬಿಸಿಲು, ಮೀಟರಿನ ಲೆಕ್ಕ



ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಇತ್ತೀಚೆಗೆ ಧರ್ಮಜಿಜ್ಞಾಸೆಗಿಂತ ಕರೆಂಟು ಬಿಲ್ಲಿನ ಜಿಜ್ಞಾಸೆಯೇ ಹೆಚ್ಚಾಗಿದೆ. ಇದರಲ್ಲಿ ಬೇಸರಪಡುವಂಥದೇನೂ ಇಲ್ಲ. ನಮ್ಮ ಶರಣರು ಮನೆವಾರ್ತೆಯನ್ನು ಧರ್ಮದ ಹೊರಗೆ ಇಟ್ಟವರಲ್ಲ. ಅಳೆಯುವ ಬಳ್ಳ, ತೂಗುವ ತಕ್ಕಡಿ, ಬೇಯುವ ಅಕ್ಕಿ ಇವೆಲ್ಲವೂ ಅವರಿಗೆ ಅನುಭಾವದ ವಿಷಯಗಳೇ ಆಗಿದ್ದವು. ಹಾಗಿರುವಾಗ ಗೋಡೆಯ ಮೇಲೆ ತಿರುಗುವ ಮೀಟರನ್ನು ಕುರಿತು ಒಂದು ತಿಂಗಳ ಮಾತನ್ನು ಮೀಸಲಿಟ್ಟರೆ ತಪ್ಪಾಗಲಾರದು.

ಮಂಡ್ಯದ ವಾಚಕರೊಬ್ಬರು ಕೇಳಿದ್ದಾರೆ: "ಅಮೆರಿಕದಲ್ಲಿರುವ ನನ್ನ ಮಗ ಮನೆಯ ಕಿಟಕಿಗಳನ್ನು ಬದಲಾಯಿಸಿ, ಆ ಖರ್ಚಿನ ಒಂದು ಪಾಲನ್ನು ಆದಾಯ ತೆರಿಗೆಯಲ್ಲಿ ಮುರಿದುಕೊಂಡನಂತೆ. ನಾನೂ ಮನೆ ರಿಪೇರಿಗೆ ಕೈಹಾಕಿದ್ದೇನೆ. ನಮ್ಮಲ್ಲಿ ಅಂಥ ಸೌಲಭ್ಯವಿದೆಯೇ?" ಮಗ ಹೇಳಿದ್ದು ನಿಜ. ಅಲ್ಲಿ 2022ರಲ್ಲಿ ಆದ ಒಂದು ಕಾಯಿದೆಯಂತೆ, ಮನೆಯ ಶಾಖವನ್ನು ಉಳಿಸುವ ಕಿಟಕಿ, ಬಾಗಿಲು, ಗೋಡೆಯ ಒಳಪದರ ಮೊದಲಾದವುಗಳಿಗೆ ಮಾಡಿದ ವೆಚ್ಚದಲ್ಲಿ ಶೇಕಡಾ 30ರಷ್ಟನ್ನು, ಗೊತ್ತುಪಡಿಸಿದ ಮಿತಿಯೊಳಗೆ, ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಿದ್ದರು. ಆದರೆ 2025ರ ಜುಲೈನಲ್ಲಿ ಬಂದ ಮತ್ತೊಂದು ಕಾಯಿದೆಯು ಅದನ್ನು ಮೊಟಕುಗೊಳಿಸಿತು. 2025ರ ಡಿಸೆಂಬರ್ 31ರ ನಂತರ ಅಳವಡಿಸಿದ ಸಾಮಗ್ರಿಗೆ ಅಲ್ಲಿಯೂ ಆ ರಿಯಾಯಿತಿ ಇಲ್ಲ. ಸರ್ಕಾರಗಳು ಕೊಡುವ ಸೌಲಭ್ಯ ಎಲ್ಲ ದೇಶಗಳಲ್ಲಿಯೂ ಋತುಮಾನದ ಹಣ್ಣಿನಂತೆಯೇ ಇರುತ್ತದೆ. ಇರುವಾಗ ಉಂಡವನಿಗೆ ಉಂಟು, ಅಷ್ಟೆ.

ನಮ್ಮ ದೇಶದ ಆದಾಯ ತೆರಿಗೆಯಲ್ಲಿ ಮನೆಗೆ ಸೌರಫಲಕ ಹಾಕಿಸಿದ್ದಕ್ಕಾಗಲೀ ಮಿತವಿದ್ಯುತ್ತಿನ ಫ್ಯಾನು ಕೊಂಡಿದ್ದಕ್ಕಾಗಲೀ ನೇರವಾದ ವಿನಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯನ್ನೇ ಆಯ್ದುಕೊಂಡವರು ವಾಸದ ಮನೆಯ ರಿಪೇರಿ, ನವೀಕರಣಗಳಿಗೆ ಸಾಲ ತೆಗೆದಿದ್ದರೆ, ಆ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿಗಳವರೆಗೆ ಆದಾಯದಿಂದ ಕಳೆದು ತೋರಿಸಬಹುದು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಅದೂ ಇಲ್ಲ. ನಿವೃತ್ತರಲ್ಲಿ ಬಹುಪಾಲು ಜನ ಈಗ ಹೊಸ ಪದ್ಧತಿಗೆ ಹೋಗಿರುವುದರಿಂದ ಈ ಮಾತನ್ನು ಬೆಳೆಸಿ ಪ್ರಯೋಜನವಿಲ್ಲ.

ಹಾಗೆಂದು ನಿರಾಶರಾಗಬೇಕಾಗಿಯೂ ಇಲ್ಲ. ನಮ್ಮಲ್ಲಿ ಸಹಾಯ ಬರುವ ಬಾಗಿಲುಗಳು ಬೇರೆ. ಒಂದಿಷ್ಟು ಅಂಗಡಿಯ ಬಿಲ್ಲಿನಲ್ಲಿ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸೌರಫಲಕ, ಸೌರ ಜಲತಾಪಕಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಒಂದಿಷ್ಟು ಸಹಾಯಧನವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಇನ್ನೊಂದು ದೊಡ್ಡ ಪಾಲು, ರಾಜ್ಯ ಸರ್ಕಾರದ ಗೃಹಜ್ಯೋತಿಯ ರೂಪದಲ್ಲಿ, ತಿಂಗಳ ಬಿಲ್ಲಿನಲ್ಲೇ ಕಳೆದುಹೋಗುತ್ತದೆ. ಈ ಬಾಗಿಲುಗಳಲ್ಲಿ ಯಾವುದನ್ನು ತಟ್ಟಬೇಕಾದರೂ ತನ್ನ ಮನೆ ತಿಂಗಳಿಗೆ ಎಷ್ಟು ಯೂನಿಟ್ಟು ಉಣ್ಣುತ್ತದೆ, ಅದರಲ್ಲಿ ಯಾವ ಬಾಯಿ ಎಷ್ಟು ಉಣ್ಣುತ್ತದೆ ಎಂಬ ಲೆಕ್ಕವು ಯಜಮಾನನಿಗೂ ಯಜಮಾನಿಗೂ ಗೊತ್ತಿರಬೇಕು. ಆ ಲೆಕ್ಕವಿಲ್ಲದ ಮನೆಗೆ ಸೌಲಭ್ಯವೂ ಕೆಲವೊಮ್ಮೆ ಸಾಲವಾಗಿ ಪರಿಣಮಿಸುತ್ತದೆ.

ವಿದ್ಯುತ್ತಿನ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಏಷ್ಯಾಖಂಡದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾದ ಶಿವನಸಮುದ್ರ ನಮ್ಮ ಮಳವಳ್ಳಿ ತಾಲ್ಲೂಕಿನದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ ಆರಂಭವಾಗಿ 1902ರಲ್ಲಿ ಚಾಲನೆಗೊಂಡ ಆ ಕೇಂದ್ರದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. 1940ರಲ್ಲಿ ಶಿಂಷಾ ಕೇಂದ್ರವೂ ಇದೇ ತಾಲ್ಲೂಕಿನಲ್ಲಿ ಆಯಿತು. ಆದರೆ ಜಲಪಾತದ ಭೋರ್ಗರೆತ ಕಿವಿಗೆ ಬೀಳುವಷ್ಟು ಸಮೀಪದ ಹಳ್ಳಿಗಳ ಮನೆಗಳಲ್ಲಿ ಆಮೇಲೆಯೂ ಬಹುಕಾಲ ಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತು. ನನ್ನ ವಯಸ್ಸಿನವರು ಮಠದ ಪಾಠಶಾಲೆಗಳಲ್ಲಿ ಶಬ್ದಮಣಿದರ್ಪಣವನ್ನು ಓದಿದ್ದು ಲಾಂದ್ರದ ಬೆಳಕಿನಲ್ಲಿ. ಹೊತ್ತುಹೊತ್ತಿಗೆ ಬತ್ತಿ ಕೆಳಗಿಳಿಸಿ ಎಣ್ಣೆ ಉಳಿಸಬೇಕೆಂಬುದು ಅಲ್ಲಿಯ ಮೊದಲ ಪಾಠವಾಗಿತ್ತು. ದೀಪದ ಎಣ್ಣೆಯಾದರೆ ಕಣ್ಣಿಗೆ ಕಾಣುತ್ತದೆ; ಸೀಸೆಯಲ್ಲಿ ಎಷ್ಟಿದೆಯೆಂದು ಅಳೆಯಬಹುದು. ವಿದ್ಯುತ್ತು ಕಾಣುವುದಿಲ್ಲ. ಕಾಣದ್ದನ್ನು ಮಿತವಾಗಿ ಬಳಸುವುದು ಮನುಷ್ಯನಿಗೆ ಕಷ್ಟ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಮುಂದೆ ಹೋಗಲಾಗದು. ಕಥೆ ಎಲ್ಲರಿಗೂ ತಿಳಿದದ್ದೇ. ಮಾರಯ್ಯ ದಂಪತಿಗಳು ಕಲ್ಯಾಣದಲ್ಲಿದ್ದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮಡಕೆಗೆ ಹಾಕಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ನಾವು ಇದನ್ನು ನಿರಾಶೆ, ನಿರ್ಲೋಭ ಎಂಬ ದೊಡ್ಡ ಮಾತುಗಳಲ್ಲಿ ವ್ಯಾಖ್ಯಾನಿಸುವಾಗ ಒಂದು ಸಣ್ಣ ಸಂಗತಿಯನ್ನು ಮರೆಯುತ್ತೇವೆ. ಎಂದಿಗಿಂತ ಹೆಚ್ಚು ಬಂದಿದೆ ಎಂದು ಲಕ್ಕಮ್ಮನಿಗೆ ಗೊತ್ತಾದದ್ದು ಹೇಗೆ? ದಿನದಿನದ ಅಳತೆ ಆಕೆಯ ಕೈಯಲ್ಲಿತ್ತು. ಆ ಅಕ್ಕಿ ಬಿಟ್ಟಿ ಬಂದದ್ದು, ಯಾರೂ ಬೆಲೆ ಕೇಳುವವರಿರಲಿಲ್ಲ. ಬಿಟ್ಟಿಯಾಗಿ ಬಂದದ್ದನ್ನೂ ಅಳೆದು ಬಳಸಿದಳು.

ಈಗ ಗೃಹಜ್ಯೋತಿಗೆ ಬರೋಣ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯನ್ನು ಜನ "ಇನ್ನೂರು ಯೂನಿಟ್ ಫ್ರೀ" ಎಂದು ಕರೆಯುತ್ತಾರೆ. ಆ ಮಾತು ಅರ್ಧ ಸತ್ಯ. 2022-23ನೇ ಆರ್ಥಿಕ ವರ್ಷದಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ ಬಂದ ಮೊತ್ತವೇ ಸಾಮಾನ್ಯವಾಗಿ ಆ ಮನೆಯ ಅರ್ಹತೆ. ಸರಾಸರಿ 120 ಯೂನಿಟ್ ಇದ್ದ ಮನೆಗೆ 132 ಯೂನಿಟ್ಟಿನವರೆಗೆ ಶೂನ್ಯ ಬಿಲ್ಲು. 150 ಬಳಸಿದರೆ ಹೆಚ್ಚಿನ 18ಕ್ಕೆ ಹಣ ಕಟ್ಟಬೇಕು. ಆದರೆ ಬಳಕೆ 200 ದಾಟಿತೋ, ಆ ತಿಂಗಳು ರಿಯಾಯಿತಿಯೇ ಇಲ್ಲ; ಮೊದಲ ಯೂನಿಟ್ಟಿನಿಂದ ಕೊನೆಯ ಯೂನಿಟ್ಟಿನವರೆಗೆ ಪೂರ್ತಿ ಬಿಲ್ಲನ್ನು ತೆರಬೇಕು. 199ಕ್ಕೂ 201ಕ್ಕೂ ನಡುವಿನ ಅಂತರ ಎರಡು ಯೂನಿಟ್ಟಾದರೂ ರೂಪಾಯಿಯ ಲೆಕ್ಕದಲ್ಲಿ ಅದು ಸಾವಿರದ ಮೇಲೆ. ಇಂಥ ಗೆರೆ ಎಳೆದದ್ದು ನ್ಯಾಯವೋ ಅಲ್ಲವೋ ಎಂಬುದು ಬೇರೆ ಚರ್ಚೆ. ನನಗೇನೋ ಅಷ್ಟು ಕಡಿದಾದ ಗೆರೆ ಸರಿಯೆನಿಸದು. ಆದರೆ ಗೆರೆ ಅಲ್ಲಿರುವಾಗ ಗೃಹಸ್ಥನು ಅದನ್ನು ಅರಿತು ನಡೆಯಬೇಕಾಗುತ್ತದೆ.

ಪರಿಚಿತರೊಬ್ಬರ ಮನೆಯ ಲೆಕ್ಕವನ್ನು ಅವರ ಅನುಮತಿ ಪಡೆದು ಇಲ್ಲಿ ಇಡುತ್ತೇನೆ. ಮಂಡ್ಯ ನಗರದಲ್ಲಿ ಆರ್.ಸಿ.ಸಿ. ಮನೆ, ಐದು ಜನ. 2022-23ರ ಸರಾಸರಿ 176 ಯೂನಿಟ್. ಆದುದರಿಂದ ಅರ್ಹತೆ 193. ಮಳೆಗಾಲದಲ್ಲಿ ಬಿಲ್ಲು ಶೂನ್ಯ. ಶಿವರಾತ್ರಿ ಕಳೆದು ಸೆಕೆ ಏರಿದೊಡನೆ 215, 218 ಎಂದು ಬರುತ್ತಿತ್ತು. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ 1,300 ರೂಪಾಯಿ, ನಿಗದಿತ ಶುಲ್ಕ ಬೇರೆ. "ನಾವು ಏ.ಸಿ. ಹಾಕಿದವರಲ್ಲ ಬುದ್ಧೀ, ಮೂರು ಫ್ಯಾನು ತಿರುಗ್ತವೆ, ಅಷ್ಟೇಯ" ಎಂದರು ಆ ತಾಯಿ. ಆ ಮೂರು ಫ್ಯಾನುಗಳೇ ಕಾರಣ! ಹಳೆಯ ಮಾದರಿಯ ಸೀಲಿಂಗ್ ಫ್ಯಾನು 75 ವಾಟಿನದು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗ ಬಂದಿರುವ ಬಿ.ಎಲ್.ಡಿ.ಸಿ. ಎಂಬ ಮೋಟಾರಿನ ಫ್ಯಾನು ಅದೇ ಗಾಳಿಯನ್ನು ಸುಮಾರು 30 ವಾಟಿನಲ್ಲಿ ಕೊಡುತ್ತದೆ. ಅದೇ 12 ಗಂಟೆಗೆ 11 ಯೂನಿಟ್ಟಿಗಿಂತ ಕಡಿಮೆ. ಒಂದು ಫ್ಯಾನಿಗೆ 16 ಯೂನಿಟ್ಟಿನಂತೆ ಮೂರಕ್ಕೆ 48 ಉಳಿಯಿತು. 218ರಲ್ಲಿ 48 ಕಳೆದರೆ 170. ಅರ್ಹತೆಯ ಒಳಗೇ ಬಂತು, ಬಿಲ್ಲು ಶೂನ್ಯ. ಮೂರು ಫ್ಯಾನುಗಳಿಗೆ ಕೊಟ್ಟ ಒಂಬತ್ತು ಸಾವಿರ ರೂಪಾಯಿ ಎರಡು ಬೇಸಿಗೆಗಳಲ್ಲಿ ಮನೆಗೆ ಹಿಂದಿರುಗುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಆ ಚೀಟಿಯನ್ನು ನೋಡತಕ್ಕದ್ದು.

ದೀಪಗಳ ವಿಷಯದಲ್ಲಿ ಬಹುತೇಕ ಮನೆಗಳು ಈಗಾಗಲೇ ದಾರಿಗೆ ಬಂದಿವೆ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಆರಂಭವಾಗಿ, ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಎಲ್.ಇ.ಡಿ. ಬಲ್ಬುಗಳನ್ನು ಹಂಚಿದ ಮೇಲೆ 60 ವಾಟಿನ ಬುರುಡೆ ದೀಪ ಅಪರೂಪವಾಯಿತು. ದೇವರ ಮನೆಯಲ್ಲಿ ಹಗಲಿರುಳೂ ಉರಿಯುವ ಬಣ್ಣದ ಬಲ್ಬನ್ನು ಮಾತ್ರ ಇನ್ನೂ ಕೆಲವರು ಬದಲಾಯಿಸಿಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿ ಪೂಜಿಸುವವರಿಗೆ ಆ ಮಿಣುಕು ದೀಪದ ಅಗತ್ಯವೇನೆಂಬುದು ನನಗಂತೂ ತಿಳಿಯದು.

ಸ್ನಾನದ ನೀರಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾದದ್ದು. ನಸುಕಿನಲ್ಲಿ ಮಿಂದು ಪೂಜೆಗೆ ಕೂರುವ ಮನೆಗಳಲ್ಲಿ ಬಿಸಿನೀರು ಭೋಗವಲ್ಲ, ವಯಸ್ಸಾದವರಿಗೆ ಅವಶ್ಯಕತೆ. ಐದು ಜನಕ್ಕೆ ನೂರು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಕಾಯಿಸಲು ಹತ್ತಿರಹತ್ತಿರ ಎರಡೂಕಾಲು ಯೂನಿಟ್ ಬೇಕು. ಅಂದರೆ ಗೀಸರು ತಿಂಗಳಿಗೆ 65-70 ಯೂನಿಟ್ ನುಂಗುತ್ತದೆ. ಗೃಹಜ್ಯೋತಿಯ ಅರ್ಹತೆಯ ಮೂರನೆಯ ಒಂದು ಪಾಲನ್ನು ಇದೊಂದೇ ಕಬಳಿಸುತ್ತದೆ. ತಾರಸಿಯ ಮೇಲಿನ ಸೌರ ಜಲತಾಪಕಕ್ಕೆ ವರ್ಷದಲ್ಲಿ ಮೋಡ ಮುಸುಕಿದ ಕೆಲವು ವಾರಗಳನ್ನು ಬಿಟ್ಟರೆ ವಿದ್ಯುತ್ತೇ ಬೇಡ. ನಿನ್ನೆಯ ಬಿಸಿಲಿನಲ್ಲಿ ಕಾದ ನೀರು ಶಾಖ ಸೋರದಂತೆ ಹೊದಿಸಿದ ಟ್ಯಾಂಕಿನಲ್ಲಿ ಇಂದಿನ ಬೆಳಗಿನ ಐದು ಗಂಟೆಗೂ ಬಿಸಿಯಾಗಿಯೇ ಇರುತ್ತದೆ. 2010ರ ನಂತರ ಕೆಲವು ವರ್ಷ ಇದಕ್ಕೆ ಕೇಂದ್ರದ ಸಹಾಯಧನವಿತ್ತು, ಅದು ನಿಂತಿತು. ನಮ್ಮ ರಾಜ್ಯದ ವಿದ್ಯುತ್ ದರಪಟ್ಟಿಯಲ್ಲಿಯೂ ಸೌರ ಜಲತಾಪಕವಿರುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿ ಬಹುಕಾಲವಿತ್ತು. ಅದನ್ನು ಕೇಳಿ ಪಡೆದವರಿಗಿಂತ ಕೇಳದೆ ಬಿಟ್ಟವರೇ ಹೆಚ್ಚು ಎಂದು ನನ್ನ ಅನುಭವ.

ಮದ್ದೂರು, ಮಳವಳ್ಳಿಗಳ ಕಡೆಯವರಿಗೆ ಒಂದು ಎಚ್ಚರಿಕೆ. ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಗಾಜಿನ ಕೊಳವೆಗಳ ಜಲತಾಪಕಕ್ಕೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಒಳಗೆ ಸುಣ್ಣ ಕಟ್ಟಿ ನೀರು ಕಾಯುವುದೇ ನಿಲ್ಲುತ್ತದೆ. ಹಂಡೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಕಂಡ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿ ನಲ್ಲಿ ನೀರಿದ್ದರೆ ಅದನ್ನೇ ಟ್ಯಾಂಕಿಗೆ ಸಂಪರ್ಕಿಸಬೇಕು. ಇಲ್ಲದಿದ್ದರೆ ಗಡಸು ನೀರಿಗೆಂದೇ ತಯಾರಿಸಿದ, ಬಳಸುವ ನೀರು ಕೊಳವೆಯೊಳಗೆ ಹೋಗದೆ ಪ್ರತ್ಯೇಕವಾಗಿ ಕಾಯುವ ಮಾದರಿಯನ್ನು ಕೇಳಿ ಪಡೆಯಬೇಕು. ಬೆಲೆ ತುಸು ಹೆಚ್ಚು. ಅಂಗಡಿಯವನು ತಾನಾಗಿ ಹೇಳುವುದು ಅಪರೂಪ.

ಹಳ್ಳಿಯ ಮನೆಗಳ ಲೆಕ್ಕ ಬೇರೆಯೇ. ಅಲ್ಲಿ ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಗರಿ, ರೇಷ್ಮೆ ಸಾಕುವವರಿಗಾದರೆ ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿ, ಎಲ್ಲವೂ ಬಿಟ್ಟಿ. ಸೌದೆಗೆ ಕಾಸಿಲ್ಲದ ಮನೆಗೆ ಹೋಗಿ ಸೌರ ಜಲತಾಪಕದ ಉಪದೇಶ ಮಾಡುವುದು ಅವಿವೇಕ. ಆದರೆ ಅಲ್ಲಿಯ ಬೆಲೆಯನ್ನು ತೆರುವುದು ಹೊಗೆಯನ್ನು ಕುಡಿಯುವ ಹೆಂಗಸರ ಕಣ್ಣು ಮತ್ತು ಎದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಈ ಕಷ್ಟವನ್ನು ಕಂಡು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ ಸೌದೆಯನ್ನೂ ಬಹಳಷ್ಟು ಉಳಿಸುವ ಒಲೆಯನ್ನು ರೂಪಿಸಿದರು. "ಅಸ್ತ್ರ ಒಲೆ" ಎಂಬ ಹೆಸರು ಹಿರಿಯರಿಗೆ ನೆನಪಿರಬಹುದು. 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಗಿ, ಸರ್ಕಾರದ ಸಹಾಯದಿಂದ ದೇಶದಾದ್ಯಂತ ಲಕ್ಷಾಂತರ ಒಲೆಗಳನ್ನು ಕಟ್ಟಿದರು. ಅವುಗಳಲ್ಲಿ ಎಷ್ಟೋ ಒಲೆಗಳು ಹೊಗೆಕೊಳವೆಯ ಮಸಿ ತೆಗೆಯದೆ, ಬಿರುಕಿಗೆ ಮಣ್ಣು ಮೆತ್ತದೆ ಕೆಲವೇ ವರ್ಷಗಳಲ್ಲಿ ಮೂಲೆಪಾಲಾದವು. ಹಂಚಿದವರು ಕಟ್ಟಿದ ಒಲೆಗಳನ್ನು ಎಣಿಸಿದರೇ ಹೊರತು ಉರಿಯುತ್ತಿರುವ ಒಲೆಗಳನ್ನು ಎಣಿಸಲಿಲ್ಲ. ಮನೆಯವರು ತಮ್ಮ ಕೈಯಿಂದ ಏನೂ ಹಾಕಿರದ ಕಾರಣ ಕೆಟ್ಟಾಗ ರಿಪೇರಿಯ ಯೋಚನೆಯೂ ಬರಲಿಲ್ಲ.

ಮನೆಯ ಮಾಡಿನ ಬಗ್ಗೆ ಎರಡು ಮಾತು. ಹಳೆಯ ತೊಟ್ಟಿಮನೆಗಳು ಬೇಸಿಗೆಯಲ್ಲಿ ತಣ್ಣಗಿದ್ದುದು ಪವಾಡವೇನಲ್ಲ. ದಪ್ಪ ಮಣ್ಣಿನ ಗೋಡೆ, ನಾಡಹೆಂಚು, ತೊಟ್ಟಿಯಿಂದ ಮೇಲೇರಿ ಹೋಗುವ ಬಿಸಿಗಾಳಿ, ಹಗಲಿನಲ್ಲಿ ದೀಪವೇ ಬೇಡದ ಬೆಳಕಿಂಡಿ ಇವೆಲ್ಲ ಸೇರಿ ಆ ತಂಪು. ಅವನ್ನು ಕೆಡವಿ ಪೆಟ್ಟಿಗೆಯಂಥ ಆರ್.ಸಿ.ಸಿ. ಮನೆ ಕಟ್ಟಿದ ಮೇಲೆ ಫ್ಯಾನಿಲ್ಲದೆ ನಿದ್ದೆ ಬಾರದಾಯಿತು. ಕೆಡವಿದ್ದಕ್ಕೆ ಮರುಗಿ ಫಲವಿಲ್ಲ. ತಾರಸಿಗೆ ವರ್ಷಕ್ಕೊಮ್ಮೆ ಬಿಳಿಯ ಸುಣ್ಣವನ್ನೋ ಬಿಸಿಲನ್ನು ಹಿಂದಕ್ಕೆ ಕಳುಹಿಸುವ ಬಿಳಿಬಣ್ಣವನ್ನೋ ಬಳಿದರೆ ಕೆಳಗಿನ ಕೋಣೆಯ ಸೆಕೆ ಗಮನಾರ್ಹವಾಗಿ ಇಳಿಯುತ್ತದೆ. ಪಡುವಣ ಗೋಡೆಗೆ ನೆರಳಾಗುವಂತೆ ಒಂದು ಚಪ್ಪರವೋ ಬಳ್ಳಿಯೋ ಇದ್ದರೆ ಇನ್ನೂ ಒಳ್ಳೆಯದು. ಇವಕ್ಕೆ ಯಾವ ಅರ್ಜಿಯೂ ಬೇಡ.

ಇನ್ನು ಎಲ್ಲರೂ ಕೇಳುವ ಸೌರಫಲಕದ ವಿಷಯ. 2024ರ ಫೆಬ್ರವರಿಯಲ್ಲಿ ಪ್ರಕಟವಾದ "ಪಿ.ಎಂ. ಸೂರ್ಯಘರ್" ಯೋಜನೆ 75,021 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಂದು ಕೋಟಿ ಮನೆಗಳ ಮೇಲೆ ಸೌರವಿದ್ಯುತ್ ಉತ್ಪಾದಿಸುವ ಗುರಿ ಇಟ್ಟುಕೊಂಡದ್ದು; 2026-27ರವರೆಗೆ ಎಂದು ಅವಧಿ ಗೊತ್ತುಮಾಡಲಾಗಿದೆ. ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಮೂರು ಕಿಲೋವಾಟಿಗೆ ಒಟ್ಟು ಖರ್ಚು ಎರಡು ಲಕ್ಷದ ಆಸುಪಾಸು ಆಗುತ್ತದೆಂದು ಇಟ್ಟುಕೊಳ್ಳಿ. ಒಂದು ಕಿಲೋವಾಟಿಗೆ ನೆರಳು ಬೀಳದ ಸುಮಾರು ನೂರು ಚದರಡಿ ಜಾಗ ಬೇಕು. ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮನೆಯ ಪಕ್ಕದ ತೆಂಗಿನ ಮರದ ನೆರಳು ಮಧ್ಯಾಹ್ನಕ್ಕೆ ತಾರಸಿಯನ್ನು ದಾಟುವುದಿದ್ದರೆ ಮೊದಲೇ ಯೋಚಿಸಬೇಕು. ನಮ್ಮ ಸೀಮೆಯಲ್ಲಿ ತೆಂಗಿಲ್ಲದ ಮನೆ ಯಾವುದು!

ಯಾರು ಹಾಕಿಸಬೇಕು, ಯಾರು ಹಾಕಿಸಬಾರದು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತಿಂಗಳಿಗೆ 100-150 ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯವರು ಸಾಲ ಮಾಡಿ ಫಲಕ ಹಾಕಿಸುವುದು ಈಗಿನ ಸ್ಥಿತಿಯಲ್ಲಿ ಅನಗತ್ಯ. ಬಿಲ್ಲೇ ಇಲ್ಲದಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ವರ್ಷವಿಡೀ 250-300 ಯೂನಿಟ್ ದಾಟುವ ದೊಡ್ಡ ಸಂಸಾರಗಳು, ಮೇಲಂತಸ್ತಿನಲ್ಲಿ ಬಾಡಿಗೆಯಿಲ್ಲದೆ ಅಣ್ಣತಮ್ಮಂದಿರು ಕೂಡಿ ಬಾಳುವ ಮನೆಗಳು, ಇವು ಮುಂದಾಗಬಹುದು. ಅದೂ ಫ್ಯಾನು, ಗೀಸರುಗಳ ಲೆಕ್ಕವನ್ನು ಸರಿಪಡಿಸಿದ ಮೇಲೆ. ಮೊದಲು ಬಳಕೆಯನ್ನು ಇಳಿಸಿದ ಮನೆಗೆ ಮೂರರ ಬದಲು ಎರಡು ಕಿಲೋವಾಟು ಸಾಕಾಗಬಹುದು. ಗೃಹಜ್ಯೋತಿಯನ್ನು ಪಡೆಯುತ್ತಿರುವವರು ಫಲಕಕ್ಕೆ ಹಣ ಕೊಡುವ ಮುನ್ನ ಸೆಸ್ಕ್ ಉಪವಿಭಾಗದ ಕಚೇರಿಗೆ ಹೋಗಿ, ತಮ್ಮ ಮೀಟರಿಗೆ ಮುಂದೆ ಬಿಲ್ಲಿನ ಲೆಕ್ಕ ಹೇಗಾಗುವುದೆಂದು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳತಕ್ಕದ್ದು. ಮಠ, ಶಾಲೆ, ಕಲ್ಯಾಣಮಂಟಪಗಳಿಗೆ ಈ ಸಹಾಯಧನ ಸಲ್ಲುವುದಿಲ್ಲ. ಇದು ವಾಸದ ಮನೆಗಳಿಗೆ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ತಾರಸಿಯ ಮೇಲೆ ಫಲಕವಿದ್ದರೆ ಕರೆಂಟು ಹೋದಾಗಲೂ ಮನೆ ಬೆಳಗುತ್ತದೆ ಎಂದು ಜನ ನಂಬಿದ್ದಾರೆ. ಬ್ಯಾಟರಿಯಿಲ್ಲದೆ ಸರ್ಕಾರಿ ತಂತಿಗೆ ಜೋಡಿಸಿದ ವ್ಯವಸ್ಥೆಯಲ್ಲಿ ಹಾಗಾಗದು. ತಂತಿಯಲ್ಲಿ ವಿದ್ಯುತ್ ನಿಂತೊಡನೆ ಇದೂ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣಕ್ಕೇ ಅಪಾಯ.

ಸಹಾಯಧನವು ಫಲಕ ಹಾಕಿ, ಮೀಟರು ಜೋಡಿಸಿ, ಪರಿಶೀಲನೆಯಾದ ಮೇಲೆ ಅರ್ಜಿದಾರನ ಖಾತೆಗೆ ನೇರವಾಗಿ ಬರುತ್ತದೆ. ಮುಂಚಿತವಾಗಿ ಯಾರ ಕೈಗೂ ಬರುವುದಿಲ್ಲ, ಯಾರ ಕೈಯಿಂದಲೂ ಬರುವುದಿಲ್ಲ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಿಧವೆಯೊಬ್ಬರ ಮನೆಗೆ ಬಂದ ಮಧ್ಯವರ್ತಿಯೊಬ್ಬ "ಪೂರಾ ಫ್ರೀ ಅಮ್ಮಾ, ಅರ್ಜಿ ಖರ್ಚು ಅಂತ ಹತ್ತು ಸಾವಿರ ಕೊಡಿ ಸಾಕು" ಎಂದು ಹಣ ಪಡೆದುಹೋದವನು ಮತ್ತೆ ಮುಖ ತೋರಲಿಲ್ಲ. ರೇಷ್ಮೆಗೂಡು ಮಾರಿ ಬಂದ ಹಣವದು. ನೆರೆಯವರು ಈಗಲೂ ಆಕೆಯನ್ನು "ಸೂರ್ಯನ್ನ ಕೊಂಡ್ಕೊಂಡವಳು" ಎಂದು ನಗೆಯಾಡುತ್ತಾರಂತೆ. ನಗುವ ವಿಷಯವಲ್ಲ ಇದು. ಯೋಜನೆಯಲ್ಲಿ ನೋಂದಾಯಿತರಾದ ಮಾರಾಟಗಾರರ ಪಟ್ಟಿ ಸಾರ್ವಜನಿಕವಾಗಿದೆ. ನಿಮ್ಮ ಮನೆಯಲ್ಲಿ ಓದಿದ ಮಕ್ಕಳಿದ್ದರೆ ಊರಿನಲ್ಲಿ ಇಂಥ ನಾಲ್ಕು ಒಂಟಿ ಮನೆಗಳಿಗೆ ಅದನ್ನು ತೆಗೆದು ತೋರಿಸಲಿ, ಅರ್ಜಿಯನ್ನು ತುಂಬಿಕೊಡಲಿ. ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವುದೊಂದೇ ಅಲ್ಲವಷ್ಟೆ.

ಕೊನೆಯದಾಗಿ, ಅರ್ಜಿಗಳು ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಎಲ್ಲಿ ಎಂಬುದನ್ನು ಹೇಳಿಬಿಡುತ್ತೇನೆ. ಮೀಟರಿನ ಆರ್.ಆರ್. ಸಂಖ್ಯೆ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಅಜ್ಜ ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳಾಗಿರುತ್ತವೆ. ಕೆ.ಇ.ಬಿ. ಹೋಗಿ, ನಿಗಮ ಬಂದು, ಬಿಲ್ಲಿನ ಕಾಗದದ ಬಣ್ಣ ಬದಲಾದರೂ ಹೆಸರು ಮಾತ್ರ ಬದಲಾಗಿಲ್ಲ. ಸಹಾಯಧನಕ್ಕೆ ಬಿಲ್ಲಿನ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಹೊಂದಬೇಕಾದಾಗ ಆ ಹಳೆಯ ಮರೆವು ಎದ್ದು ನಿಲ್ಲುತ್ತದೆ. ಹೆಸರು ವರ್ಗಾವಣೆಗೆ ಸಾಮಾನ್ಯವಾಗಿ ಮರಣಪತ್ರ, ವಂಶವೃಕ್ಷ, ಮನೆಯ ಖಾತೆಯ ನಕಲು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇವನ್ನು ಕೇಳುತ್ತಾರೆ. ಕಷ್ಟವಿರುವುದು ಕೊನೆಯದರಲ್ಲಿ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಒಬ್ಬ ತಂಗಿ ಕೊಳ್ಳೇಗಾಲದಲ್ಲಿ, ಇನ್ನೊಬ್ಬರೊಡನೆ ಮಾತೇ ಇಲ್ಲ. ಮೀಟರಿನ ಹೆಸರು ಬದಲಾದ ಮಾತ್ರಕ್ಕೆ ಆಸ್ತಿಯ ಹಕ್ಕು ಬದಲಾಗದು ಎಂಬುದನ್ನು ಎಲ್ಲರಿಗೂ ಮೊದಲು ತಿಳಿಯಹೇಳಬೇಕು. ಮುಂದಿನ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ, ಊಟ ಮುಗಿದು ಎಲೆಅಡಿಕೆಗೆ ಕುಳಿತ ಹೊತ್ತಿನಲ್ಲಿ ಆ ಕಾಗದವನ್ನು ಮುಂದಿಟ್ಟು ರುಜು ಮಾಡಿಸಿಕೊಳ್ಳಿ.